ನಾಲ್ಕು ಸಲ ಎತ್ತಿದ ಕೈ

ಹಲ್ಲಿಗೆ ತಂತಿ ಹಾಕಿಸಲೆಂದು ತೆಗೆಸಿದ ಎಕ್ಸ್‌ರೇಯಲ್ಲಿ, ಮಗಳ ಕೆಳದವಡೆಯ ಎಡಗಡೆ ನಾಲ್ಕು ಹಲ್ಲುಗಳ ಬೇರಿನ ಕೆಳಗೆ, ಹೆಬ್ಬೆರಳಿನ ತುದಿಯಷ್ಟು ಕಪ್ಪು ಜಾಗ ಕಂಡಿತು. ನೋವಿಲ್ಲ, ಊತವಿಲ್ಲ. ಅವಳಿಗೆ ಹದಿನೈದು ವರ್ಷ.

"ನನ್ನ ಸ್ನೇಹಿತನ ಹತ್ರ ತೋರ್ಸೋಣ. ಅವನು ಸಾಮಾನ್ಯದವನಲ್ಲ," ಎಂದರು ಭಾವ, ನನ್ನ ಗಂಡನ ಅಣ್ಣ. ನಮ್ಮ ಮನೆಯ ಕೊಳಾಯಿ ಸೋರಿದಾಗಲೂ ಅವರಿಗೊಬ್ಬ ಸಾಮಾನ್ಯನಲ್ಲದ ಸ್ನೇಹಿತನಿದ್ದ. ಕೊಳಾಯಿ ಈಗಲೂ ಸೋರುತ್ತಿದೆ.

ಕಾಯುವ ಕೋಣೆಯ ಮೂರು ಗೋಡೆಗಳ ಮೇಲೂ ಆ ದಂತವೈದ್ಯರೇ ಇದ್ದರು: ಬಿರುದಿನ ಫಲಕ ಹಿಡಿದು, ಯಾರದೋ ಕೈ ಕುಲುಕುತ್ತ, ಮೈಕಿನ ಮುಂದೆ ಬಾಯಿ ತೆರೆದು. ಒಂದು ಚಿತ್ರದಲ್ಲೂ ರೋಗಿ ಇರಲಿಲ್ಲ.

"ಹಲ್ಲು ಬದುಕಿದ್ಯೋ ಸತ್ತಿದ್ಯೋ ನೋಡೋಣ. ತಣ್ಣಗಾದ್ರೆ ಕೈ ಎತ್ತು, ಪುಟ್ಟಿ," ಎಂದು ಅವರು ಸ್ಪ್ರೇ ಹೊಡೆದು ತಣ್ಣಗಾಗಿಸಿದ ಹತ್ತಿಯನ್ನು ಮೊದಲ ಹಲ್ಲಿಗೆ ಒತ್ತಿದರು. ಒತ್ತಿಕೊಂಡೇ ಭಾವನ ಕಡೆ ತಿರುಗಿದರು.

"ಮೊನ್ನೆ ಸನ್ಮಾನದಲ್ಲಿ ನನ್ನ ಭಾಷಣ ಕೇಳಿದ್ಯೇನೋ?"

"ಕೇಳ್ದೆ ಇರ್ತೀನಾ! ಸಭೆಗೆ ಸಭೆಯೇ ಬಾಯಿ ಬಿಟ್ಕೊಂಡು ಕೂತಿತ್ತಲ್ಲೋ."

"ನನ್ನ ಮುಂದೆ ಎಲ್ರೂ ಬಾಯಿ ಬಿಡ್ಲೇಬೇಕಲ್ಲಯ್ಯ!"

ಇಬ್ಬರೂ ನಕ್ಕರು. ಮಗಳ ಕೈ ಮೇಲೆದ್ದಿತು, ಇಳಿಯಿತು. ಎರಡನೇ ಹಲ್ಲಿಗೆ ಮತ್ತೆ ಎದ್ದಿತು. ಮೂರಕ್ಕೂ, ನಾಲ್ಕಕ್ಕೂ. ವೈದ್ಯರು ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ನಿಂತದ್ದನ್ನು ಬಣ್ಣಿಸುತ್ತಿದ್ದರು. ನರ್ಸ್ ಮಗಳ ಕೈ ನೋಡಿದಳು. ನಾನು ನೋಡಿದ್ದನ್ನೂ ನೋಡಿ, ಟ್ರೇಯಲ್ಲಿ ನೆಟ್ಟಗೇ ಇದ್ದ ಇಕ್ಕಳವನ್ನು ನೆಟ್ಟಗೆ ಮಾಡತೊಡಗಿದಳು.

"ಬರ್ಕೊಮ್ಮ," ಎಂದರು ವೈದ್ಯರು ಅವಳಿಗೆ. "ಇಲ್ಲ, ಇಲ್ಲ, ಇಲ್ಲ, ಇಲ್ಲ. ನಾಲ್ಕೂ ಸತ್ತಿವೆ. ಬೇರು ಕೊಳೆತು ಕೀವಿನ ಚೀಲ ಆಗಿದೆ. ಇವತ್ತೇ ನಾಲ್ಕಕ್ಕೂ ರೂಟ್ ಕೆನಾಲ್ ಶುರು ಮಾಡಿ ನರ ತೆಗೆದುಬಿಡೋಣ."

ತೆಗೆದ ನರವನ್ನು ಮತ್ತೆ ಇಡಲಾಗದು. ಅಷ್ಟು ನನಗೂ ಗೊತ್ತಿತ್ತು. ಆದರೂ ಅರಿವಳಿಕೆಯ ಸೂಜಿ ಮಗಳ ತುಟಿಯ ಹತ್ತಿರ ಬರುವ ತನಕ ನಾನು, 'ತಪ್ಪು' ಎನ್ನಲೇ 'ಬಹುಶಃ' ಎನ್ನಲೇ ಎಂದು ಪದ ಆರಿಸುತ್ತ ನಿಂತಿದ್ದೆ. ಆ ಹೊತ್ತಿನಲ್ಲಿ ಆ ಕೋಣೆಯ ದಂಡಪಿಂಡಗಳ ಸಂಖ್ಯೆ, ನನ್ನನ್ನೂ ಸೇರಿಸಿ, ಮೂರು.

"ಡಾಕ್ಟ್ರೇ, ಅವಳು ಕೈ ಎತ್ತಿದ್ಲು. ನಾಲ್ಕು ಸಲ."

"ಹೆದರಿಕೆಗೆ ಎತ್ತಿರ್ತಾಳೆ ಬಿಡಿ."

"ತಣ್ಣಗಾದ್ರೆ ಎತ್ತು ಅಂದಿದ್ದು ನೀವೇ. ಇನ್ನೊಂದ್ಸಲ ಮಾಡಿ, ಅವಳ ಕೈ ನೋಡ್ಕೊಂಡು."

"ನಾನು ಒಂದ್ಸಲ ಬರೆಸಿದ್ದನ್ನ ತಿದ್ದಲ್ಲಮ್ಮ."

"ಮೂವತ್ತು ವರ್ಷದ ಅನುಭವ ಅವನದು!" ಭಾವ ಗದರಿದರು. "ನೀನೇನು ಡಾಕ್ಟರಾ?"

"ಅಲ್ಲ ಭಾವ. ನಾನು ನೋಡ್ತಾ ಇದ್ದೆ, ಅಷ್ಟೇ."

ಮಗಳ ಕೊರಳಿಗೆ ಕಟ್ಟಿದ್ದ ಕಾಗದದ ಬಟ್ಟೆಯನ್ನು ಬಿಚ್ಚಿದೆ. ಅವಳನ್ನು ಕುರ್ಚಿಯಿಂದ ಇಳಿಸಿ ಹೊರಗೆ ಕರೆತಂದೆ.

ಮರುದಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಶಸ್ತ್ರವೈದ್ಯೆಯ ಗೋಡೆಯ ಮೇಲೆ ಕೈ ತೊಳೆಯುವ ಸೂಚನೆ ಬಿಟ್ಟರೆ ಏನೂ ಇರಲಿಲ್ಲ. ಆಕೆ ಮೊದಲು ಬಲಗಡೆಯ ಒಳ್ಳೆಯ ಹಲ್ಲನ್ನು, ಆಮೇಲೆ ಆ ನಾಲ್ಕನ್ನು ಪರೀಕ್ಷಿಸಿದರು, ಕಣ್ಣನ್ನು ಮಗಳ ಕೈಯಿಂದ ಕದಲಿಸದೆ.

"ನಾಲ್ಕೂ ಚೆನ್ನಾಗಿ ಬದುಕಿವೆ. ಅಂದ್ರೆ ಇದು ಹಲ್ಲಿಂದ ಬಂದಿದ್ದಲ್ಲ. ಮೂಳೆಯೊಳಗಿನ ಅಪರೂಪದ ಒಂದು ಸಿಸ್ಟ್ ಇರ್ಬಹುದು, ಅಪಾಯದ್ದಲ್ಲ. ತೆರೆದು ನೋಡ್ದೆ ಹೆಸರು ಹೇಳಲ್ಲ."

ಮುಂದಿನ ವಾರ ಒಸಡು ಬಿಡಿಸಿ, ಮೂಳೆಯಲ್ಲಿ ಪುಟ್ಟ ಕಿಂಡಿ ಕೊರೆದರು. ಒಳಗೆ ಖಾಲಿ. ಕೀವಿಲ್ಲ, ಗಡ್ಡೆಯಿಲ್ಲ, ಚೀಲವಂತೂ ಇಲ್ಲವೇ ಇಲ್ಲ. ರಕ್ತ ಒಸರುವಂತೆ ಒಳಗೋಡೆಯನ್ನು ಕೆರೆದು ಹೊಲಿಗೆ ಹಾಕಿದರು. ಆ ರಕ್ತ ಹೆಪ್ಪುಗಟ್ಟಿದ ಜಾಗದಲ್ಲಿ ಮೂಳೆ ತಾನೇ ಬೆಳೆಯುತ್ತದಂತೆ. ಕೆರೆದದ್ದನ್ನು ಲ್ಯಾಬಿಗೆ ಕಳಿಸಿದರು. ಶಸ್ತ್ರವೈದ್ಯೆ ಊಹಿಸಿದ್ದೇ ನಿಜ, ಹೆಸರಿಗಷ್ಟೇ ಸಿಸ್ಟ್, ಒಳಗೆ ಬರೀ ಟೊಳ್ಳು ಎಂದು ವರದಿ ಬಂತು. ಎಂಟು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಆ ಕಪ್ಪು ಜಾಗ ಬೆಳ್ಳಗೆ ತುಂಬಿತ್ತು.

ಅಂದು ಸಂಜೆ ಭಾವ ಬಂದರು.

"ಖಾಲಿ ಇತ್ತು ಅಂದ್ರೆ ಏನೂ ಇರ್ಲಿಲ್ಲ ಅಂತಾಯ್ತು. ಸುಮ್ನೆ ಹುಡುಗೀನ ಕೊಯ್ಸಿದೆ," ಎಂದು ಫೋನ್ ತೆರೆದು ಕೂತರು.

"ದೊಡ್ಡಪ್ಪ, ಇಲ್ನೋಡಿ," ಎಂದಳು ಮಗಳು. ಐಸ್ ತುಂಡನ್ನು ಮೊದಲ ಹಲ್ಲಿಗೆ ಒತ್ತಿ ಕೈ ಎತ್ತಿದಳು. ಎರಡನೆಯದಕ್ಕೆ ಎತ್ತಿದಳು. ಮೂರನೆಯದಕ್ಕೂ. ನಾಲ್ಕನೆಯದಕ್ಕೆ ಕೈಯ ಜೊತೆ ಹುಬ್ಬೂ ಮೇಲೇರಿತು.

ಭಾವ ಫೋನಿನಲ್ಲಿ ಸ್ನೇಹಿತನ ಹೊಸ ಸನ್ಮಾನದ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡುತ್ತಿದ್ದರು.

"ಹೂಂ ಪುಟ್ಟಿ," ಎಂದರು. "ನೋಡ್ದೆ, ನೋಡ್ದೆ."