ತಾರಸಿ ಕೀಳಿಸುವ ಮೊದಲು

ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಹತ್ತಿರದಲ್ಲಿ ಆವಲಪ್ಪನವರ ಎರಡು ಬಾಡಿಗೆ ಮನೆಗಳಿದ್ದವು. ಎರಡಕ್ಕೂ ನಡುವೆ ಒಂದೇ ಗೋಡೆ. ಶಿಲ್ಪ ಬಾಡಿಗೆಗಿದ್ದ ಮನೆಯ ಕಡೆ ಆ ಗೋಡೆಯ ತೇವ ಮೊಣಕಾಲೆತ್ತರಕ್ಕೆ ಏರಿ, ದಸರೆಗೆ ಬಳಿದ ಸುಣ್ಣವನ್ನು ಹಪ್ಪಳದಂತೆ ಎಬ್ಬಿಸಿತ್ತು.

"ಮಗೂಗೆ ಉಬ್ಬಸ ಜಾಸ್ತಿ ಆಗೈತೆ ಅಣ್ಣ. ಬೂಷ್ಟು ಹಿಡ್ದಿರೋ ರೂಮಲ್ಲಿ ಮಲಗಿಸ್ಬೇಡಿ ಅಂದವ್ರೆ ಡಾಕ್ಟ್ರು. ಈ ಸಲಾನೂ ಸುಣ್ಣ ಬಳ್ದು ಹೋದ್ರೆ ನಾವು ಬೇರೆ ಮನೆ ನೋಡ್ಕೋತೀವಿ," ಎಂದಳು ಶಿಲ್ಪ. ಅವಳ ಮಡಿಲಲ್ಲಿ ಪುಟ್ಟ ಹರ್ಷಿತ ಪ್ರತಿ ಉಸಿರಿಗೂ ಭುಜ ಎತ್ತಿ ಇಳಿಸುತ್ತಿದ್ದಳು.

ಆ ಭುಜಗಳನ್ನು ಆವಲಪ್ಪನವರಿಗೆ ನೋಡಲಾಗಲಿಲ್ಲ. "ಸುಣ್ಣದ ಮಾತೇ ಬೇಡ ಕಣಮ್ಮ. ನಾಳೆ ಗಾರೆಯವ್ರನ್ನ ಕರ್ಸಿ ತಾರಸೀನೇ ಕೀಳಿಸ್ತೀನಿ."

ಜೊತೆಗೆ ಬಂದಿದ್ದ ಅವರ ಹೆಂಡತಿ ಮುನಿವೆಂಕಟಮ್ಮ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದರು. "ಶಿವರಾತ್ರಿ ಕಳೀತು, ಮಳೆ ಎಲ್ಲೈತೆ? ಮೇಲೆ ಮುಟ್ಟಿ ನೋಡಿ, ಒಣಗೈತೆ. ಒದ್ದೆ ಇರೋದು ಕೆಳಗೆ. ತಾರಸಿ ಏನ್ ಪಾಪ ಮಾಡ್ತು?"

"ತಾರಸಿ ಸೋರ್ತೈತೆ ಅಂತ ಗಾರೆಯವ್ನೇ ಹೇಳಿದ್ನಲ್ಲ."

"ಅವ್ನು ಬಾಗ್ಲಲ್ಲೇ ನಿಂತು ಹೇಳ್ದ, ನೀವು ಹೂಂ ಅಂದ್ರಿ. ಪಕ್ಕದ್ಮನೆ ಮಂಜೇಶನ್ನ ಒಂದ್ ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಶಿಲ್ಪಳದು ಬೆಳಗಿನ ಪಾಳಿ, ಮಂಜೇಶನದು ರಾತ್ರಿಯದು. ಆವಲಪ್ಪನವರು ಬರುವ ಹೊತ್ತಿಗೆ ಅವನು ಬಾಗಿಲು ಹಾಕಿಕೊಂಡು ನಿದ್ದೆಯಲ್ಲಿರುತ್ತಿದ್ದ. ಬಾಡಿಗೆ ಫೋನಿನಲ್ಲೇ ಬಂದು ಸೇರುತ್ತಿತ್ತು. ಒಂದೇ ಗೋಡೆಯ ಎರಡು ಬದಿಗೆ ಎರಡು ಬಾಳು. ಒಂದಕ್ಕೆ ಬೆಳಗಾದಾಗ ಇನ್ನೊಂದಕ್ಕೆ ಇರುಳು.

ಸಂಜೆ ಅವನು ಎದ್ದ ಮೇಲೆ ಮೂವರೂ ಹೋಗಿ ಕೇಳಿದರು. ಅವನ ಬಚ್ಚಲು ಆ ಗೋಡೆಗೇ ತಗುಲಿಕೊಂಡಿತ್ತು.

"ನಲ್ಲಿ ನಿಲ್ಸಿದ್ರೂ ಗೋಡೆಯೊಳಗೆ ಸಣ್ಣಗೆ ಸದ್ದು ಬರ್ತದೆ ಅಂಕಲ್. ದಸರಾಕ್ಕೂ ಮುಂಚಿಂದ."

"ಹೇಳೋಕೇನಪ್ಪಾ ನಿಂಗೆ?"

"ನಮ್ ಕಡೆ ಟೈಲ್ಸು, ಏನೂ ಕಾಣ್ಸಲ್ಲ. ಓನರ್‌ಗೆ ಗೊತ್ತಿರ್ತದೆ ಅಂದ್ಕೊಂಡೆ."

"ಓನರ್‌ಗೆ ಗೊತ್ತಿರೋದು ತಾರಸಿ ಒಂದೇ," ಎಂದರು ಮುನಿವೆಂಕಟಮ್ಮ.

ಆವಲಪ್ಪನವರು ಗಾರೆಯವರಿಗೆ ಬರಬೇಡಿ ಎಂದು ತಿಳಿಸಿದರು. ತೇವದ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಬಚ್ಚಲಿನ ಪೈಪಿಗೆ ನೀರು ಬಿಡುವ ವಾಲ್ವ್ ಮುಚ್ಚಿದರು. ಮಂಜೇಶ ಗೊಣಗುತ್ತಲೇ ಹೊರಗಿನ ನಲ್ಲಿಯಿಂದ ನೀರು ಹೊತ್ತ. ಮಗುವನ್ನೂ ತಾಯಿಯನ್ನೂ ಮುನಿವೆಂಕಟಮ್ಮ ತಮ್ಮ ಮನೆಯಲ್ಲೇ ಮಲಗಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ತೇವ ಗೆರೆಯನ್ನು ಬಿಟ್ಟು ಕೆಳಗೆ ಸರಿದಿತ್ತು. ಪ್ಲಂಬರ್ ಬಂದು ಆ ಜಾಗದ ಟೈಲ್ಸ್ ಎಬ್ಬಿಸಿದಾಗ, ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು.

"ಇನ್ನೂ ಮನೆ ಹುಡುಕ್ತೀಯೇನಮ್ಮ?" ಎಂದು ಆವಲಪ್ಪನವರು ಮೆಲ್ಲಗೆ ಕೇಳಿದರು.

"ಇಲ್ಲಣ್ಣ. ಬೂಷ್ಟು ಕೆರ್ಸಿ, ಗೋಡೆ ಪೂರ್ತಿ ಒಣಗ್ಲಿ. ಮಗೂನ ಆಮೇಲೆ ಕರ್ಕೊಂಡ್ ಬರ್ತೀನಿ."

ಮನೆ ಬಾಡಿಗೆಗೆ ಕೊಟ್ಟವರೇ, ತೇವ ಕಂಡೊಡನೆ ಹಾರೆ ಎತ್ತಬೇಡಿ. ಒದ್ದೆ ಎಲ್ಲಿಂದ ಹೊರಡುತ್ತದೆ, ಯಾವಾಗ ಹೆಚ್ಚುತ್ತದೆ, ಗೋಡೆಯಾಚೆ ಏನಿದೆ ಎಂಬುದನ್ನು ಮೊದಲು ನೋಡಿ. ಅಲ್ಲಿ ಬಾಳುವ ಎಲ್ಲರನ್ನೂ, ಅವರು ಎಚ್ಚರವಿರುವ ಹೊತ್ತಿನಲ್ಲಿ ಹೋಗಿ ಕೇಳಿ. ಬಾಡಿಗೆಗಿರುವವರೇ, ನಿಮ್ಮ ಕಿವಿಗೆ ಬಿದ್ದದ್ದನ್ನು ಇಂದೇ ಮನೆಯ ಮಾಲೀಕರಿಗೆ ತಿಳಿಸಿ. ಕಾರಣ ತಿಳಿದ ಮೇಲಷ್ಟೇ ಕೆಲಸದವರನ್ನು ಕರೆಯಿರಿ.