ಮಾಂಯ್‌ಗೆ ಸಿಕ್ಕಿದ ಹದಿನೆಂಟು ಅಂಕ

ದೇರೆಬೈಲಿನ ಮೆರ್ಲಿನ್ ನಲವತ್ತೇಳನೆಯ ವಯಸ್ಸಿನಲ್ಲಿ ಬಿ.ಎ.ಗೆ ಸೇರಿದಾಗ ಅವಳು ಮಾಂಯ್ ಎಂದು ಕರೆಯುವ ಅತ್ತೆ ವೆರೋನಿಕಾ ಕೇಳಿದ್ದು ಒಂದೇ ಪ್ರಶ್ನೆ: ಮಧ್ಯಾಹ್ನದ ಮೀನುಸಾರು ಯಾರು ಮಾಡುವುದು? ಮೆರ್ಲಿನ್ ಬೆಳಿಗ್ಗೆ ಐದಕ್ಕೆ ಎದ್ದು ಸಾರು ಮಾಡಿಟ್ಟೇ ಕಾಲೇಜಿಗೆ ಹೋಗತೊಡಗಿದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಆ ಸಾರಿನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿದವಳಲ್ಲ ಅವಳು. ಹಾಗಾಗಿ ಬರವಣಿಗೆಯ ತರಗತಿಯಲ್ಲಿ ಅವಳ ಪ್ರಬಂಧಕ್ಕೆ ಇಪ್ಪತ್ತಕ್ಕೆ ಹದಿನೆಂಟು ಬಂದಾಗ ಆ ಕಾಗದವನ್ನು ಬೈಬಲ್ಲಿನೊಳಗೆ ಇಟ್ಟುಕೊಂಡಳು.

ತೊಂದರೆ ಏನೆಂದರೆ, ಪ್ರಬಂಧದ ವಿಷಯ ‘ನಾನು ಕಳೆದುಕೊಂಡವರು’. ಮೆರ್ಲಿನ್‌ಳ ಹತ್ತಿರದವರು ಯಾರೂ ಸತ್ತಿರಲಿಲ್ಲ. ಅತ್ತೆಯನ್ನು ಸಾಯಿಸಿದಳು. ಪಾಠ ಮಾಡುವ ನಿರೀಕ್ಷಾ, ಇಪ್ಪತ್ತೆಂಟರ ಹುಡುಗಿ, ಅದನ್ನು ಓದಿ ಕಣ್ಣೊರೆಸಿಕೊಂಡು ಇಡೀ ತರಗತಿಯನ್ನು ಒಂದು ನಿಮಿಷ ಮೌನವಾಗಿ ನಿಲ್ಲಿಸಿದಳು. ಮೆರ್ಲಿನ್ ಕೂಡ ನಿಂತಳು.

ಈಗ ವರ್ಷದ ಕೊನೆಗೆ ಇನ್ನೊಂದು ಬರಹ ಕೊಡಬೇಕಿತ್ತು. ತರಗತಿಯಲ್ಲಿ ಬರೆದದ್ದನ್ನೆಲ್ಲ ಹಿಂತಿರುಗಿ ನೋಡಿ, ಹೇಗೆ ಬರೆದೆ, ಏನು ಕಲಿತೆ ಎಂದು ಪ್ರಾಮಾಣಿಕವಾಗಿ ಎರಡು ಪುಟ. ತನ್ನ ಬಗ್ಗೆ ಪ್ರಾಮಾಣಿಕವಾಗಿ ಹೇಳಿಕೊಳ್ಳಲು ಮೆರ್ಲಿನ್‌ಗೆ ಗೊತ್ತಿದ್ದದ್ದು ಒಂದೇ ಕ್ರಮ: ಚಿಕ್ಕಂದಿನಿಂದ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಮೊಣಕಾಲೂರಿ ಮಾಡುತ್ತಿದ್ದ ಪಾಪನಿವೇದನೆ. ಹಾಗೆಯೇ ಬರೆದಳು. ಸುಳ್ಳು ಹೇಳಿದ್ದು ಒಂದು ಸಲ, ದೊಡ್ಡದು. ಮಗಳ ಮೊಬೈಲಿನಿಂದ ಕದ್ದ ವಾಕ್ಯ ಎರಡು. ಮೌನದ ನಿಮಿಷದಲ್ಲಿ ನಗು ಬಂದದ್ದು ಒಂದು ಸಲ. ಅತ್ತೆಯನ್ನು ಸಾಯಿಸುವಾಗ ಮೊದಲ ಪ್ಯಾರಾದಲ್ಲಿ ಹಾಯೆನಿಸಿತು. ಎರಡನೆಯದರಲ್ಲಿ ಅವರ ಖಾಲಿ ಕುರ್ಚಿಯ ಬಗ್ಗೆ ಬರೆಯುವಾಗ ನಿಜವಾಗಿಯೂ ಅಳು ಬಂತು, ಎದ್ದು ಹೋಗಿ ಅವರು ಉಸಿರಾಡುತ್ತಿದ್ದಾರೆಯೇ ಎಂದು ನೋಡಿ ಬಂದೆ. ಅಂಕ ಹಿಂದೆ ತೆಗೆದುಕೊಳ್ಳಿ, ಪ್ರಾಯಶ್ಚಿತ್ತವನ್ನೂ ಕೊಡಿ ಎಂದು ಕೊನೆಗೆ ಸಹಿ ಹಾಕಿದಳು.

ನಿರೀಕ್ಷಾ ತುಳು ಮಾತಾಡುವ ಹಿಂದೂ ಮನೆಯವಳು. ಪಾದ್ರಿಗಳ ಹಾಗೆ ಪ್ರಾಯಶ್ಚಿತ್ತ ಕೊಟ್ಟು ಅಭ್ಯಾಸವಿರಲಿಲ್ಲ. ಸ್ಟಾಫ್ ರೂಮಿಗೆ ಕರೆದು, ನಕ್ಕು ಸಾಕಾದ ಮೇಲೆ ಹೇಳಿದಳು: “ಮೆರ್ಲಿನಕ್ಕ, ಆ ಪ್ರಬಂಧ ನಿಮ್ಮ ಅತ್ತೆಗೆ ಓದಿ ಹೇಳಿ. ಅವರು ಎಂತ ಹೇಳ್ತಾರೆ, ಅದನ್ನೂ ಬರ್ದು ತನ್ನಿ. ಹಾಗಾದ್ರೆ ಹದಿನೆಂಟು ಇರ್ತದೆ.”

ಅದಕ್ಕಿಂತ ಸೊನ್ನೆಯೇ ವಾಸಿ ಎಂದುಕೊಳ್ಳುತ್ತಲೇ ಮೆರ್ಲಿನ್ ಬಸ್ಸು ಹತ್ತಿದಳು. ಆದರೆ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಬೈಬಲ್ ತೆರೆದು ಕಾಗದ ತೆಗೆದಳು. ವೆರೋನಿಕಾ ಕಣ್ಣು ಮುಚ್ಚಿ ತಮ್ಮ ಸಾವನ್ನು ಪೂರ್ತಿ ಕೇಳಿದರು.

“ಶವಪೆಟ್ಟಿಗೆಯ ಹತ್ರ ಪೌಲ್ ಎಂತಕ್ಕೆ?” ಎಂದರು. ಪೌಲ್ ಉಳ್ಳಾಲದಲ್ಲಿರುವ ಅವರ ತಮ್ಮ. ಹನ್ನೆರಡು ವರ್ಷದಿಂದ ಮಾತಿಲ್ಲ.

“ಅಳ್ಲಿಕ್ಕೆ ಜನ ಬೇಕಲ್ಲ, ಮಾಂಯ್.”

“ಗೇಟಿನ ಹೊರಗೆ ನಿಂತು ಅಳಲಿ.”

ಮೆರ್ಲಿನ್ ಪೆನ್ನು ತೆಗೆದು ಪೌಲನನ್ನು ಗೇಟಿನ ಹೊರಗೆ ನಿಲ್ಲಿಸಿದಳು.

“ಸಾಯುವಾಗ ನಾನು ಎಂತದೂ ಹೇಳುದಿಲ್ವಾ?”

“ನೀವು ನಿದ್ದೆಯಲ್ಲೇ ಹೋದದ್ದು.”

“ಹಾಗೆಲ್ಲ ಸುಮ್ಮನೆ ಹೋಗುವವಳಲ್ಲ ನಾನು. ಬರಿ. ಮೆರ್ಲಿನ್ ಮಾಡುವ ಮೀನುಸಾರು ಒಳ್ಳೇದುಂಟು ಅಂತ ಹೇಳಿ ಕಣ್ಣು ಮುಚ್ಚಿದರು.”

ಪೆನ್ನು ನಿಂತಿತು. ಇದು ನಿಜವೋ, ಪ್ರಬಂಧಕ್ಕೋ ಎಂದು ಮೆರ್ಲಿನ್ ಕೇಳಿದಳು.

“ಪ್ರಬಂಧಕ್ಕೆ ಮಾರಾಯ್ತಿ,” ಎಂದರು ವೆರೋನಿಕಾ. “ನಿಜಕ್ಕೆ ಹುಳಿ ಸ್ವಲ್ಪ ಜಾಸ್ತಿ.”

ಮೆರ್ಲಿನ್ ಎರಡನ್ನೂ ಬರೆದುಕೊಂಡಳು. ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಆ ಖಾಲಿ ಕುರ್ಚಿಯ ಭಾಗವನ್ನು ಇನ್ನೊಮ್ಮೆ ಓದು ಎಂದರು.