ಮಾತಾಡಬಾರದ ಕೋಣೆ

ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದಾದಿಯಾಗಿದ್ದಾಕೆ, ನಿವೃತ್ತಿಯಾದ ಎರಡೇ ತಿಂಗಳಿಗೆ ಮನೆಯ ಗೋಡೆ ನೋಡಿ ನೋಡಿ ಸಾಕಾಗಿ, ಸೊಸೆ ಕೆಲಸ ಮಾಡುತ್ತಿದ್ದ ಕಾಡುಪ್ರಾಣಿಗಳ ಆರೈಕೆ ಕೇಂದ್ರಕ್ಕೆ ತಾನೂ ಬರುತ್ತೇನೆಂದಳು. ಸೊಸೆ ಅಲ್ಲಿನ ಮುಖ್ಯಸ್ಥೆ. ಮನೆಯಲ್ಲಿ ಅತ್ತೆಗೆ ಎದುರಾಡದವಳು ಅಲ್ಲಿ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದಳು: ಮರಿಗಳ ಕೋಣೆಯಲ್ಲಿ ಮಾತಿಲ್ಲ, ಮುದ್ದಿಲ್ಲ, ಮನುಷ್ಯರ ಸಲಿಗೆ ಬೆಳೆಸಿಕೊಂಡ ಮರಿ ಹೊರಗೆ ಬಾಳುವುದಿಲ್ಲ.

ಅತ್ತೆ ತಲೆಯಾಡಿಸಿದಳು. ಆದರೆ ಆಕೆಯ ನಾಲಿಗೆ ಸುಮ್ಮನಿರುವಂಥದ್ದಲ್ಲ.

ಗೂಡಿನಿಂದ ಬಿದ್ದ ಹದ್ದಿನ ಮರಿಯೊಂದನ್ನು ಆಕೆಗೆ ವಹಿಸಿದರು. ಸಾವಿರಾರು ಕೂಸುಗಳನ್ನು ಎತ್ತಿದ ಕೈ. ಚಿಮಟದಲ್ಲಿ ಮಾಂಸದ ಚೂರು ತಿನ್ನಿಸುವುದನ್ನು ಒಂದೇ ದಿನದಲ್ಲಿ ಕಲಿತಳು. ಬಾಗಿಲು ಮುಚ್ಚಿದ ಮೇಲೆ ಮಾತ್ರ "ಆ ಅನ್ನು ಚಿನ್ನ, ಇನ್ನೊಂದೇ ಒಂದು" ಎಂದು ರಮಿಸುತ್ತಿದ್ದಳು. ಮರಿ ಮೈದುಂಬಿಕೊಂಡಿತು. ಎಲ್ಲರೂ ಹೊಗಳಿದರು. ಆಕೆ ಗುಟ್ಟು ಬಿಟ್ಟುಕೊಡಲಿಲ್ಲ.

ಹಾರಿಬಿಟ್ಟ ಒಂಬತ್ತನೆಯ ದಿನ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ವಾಪಸು ತಂದರು. ಶಾಲೆಯ ಅಂಗಳದಲ್ಲಿ ಊಟದ ಡಬ್ಬಿ ಬಿಚ್ಚಿದ್ದ ಮಕ್ಕಳ ನಡುವೆ ಇಳಿದಿತ್ತಂತೆ. ತುತ್ತು ಕೇಳಲು ಬಂದದ್ದನ್ನು ಕಾವಲುಗಾರ ದಾಳಿಯೆಂದು ತಿಳಿದು ಕೋಲು ಬೀಸಿದ್ದ. ರೆಕ್ಕೆಯ ಮೂಳೆ ಕೀಲಿನ ಬಳಿಯೇ ಪುಡಿಯಾಗಿತ್ತು. ಅತ್ತೆ ಏನಾಯಿತೆಂದು ಕೇಳಿದ್ದೇ ತಡ, ಆ ದನಿಗೆ ಹದ್ದು ಪೆಟ್ಟಿಗೆಯೊಳಗಿಂದಲೇ ಬಾಯ್ದೆರೆದು ಕೂಗಿತು. ಸೊಸೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅತ್ತೆ ಕೆಲಸದ ಮೇಲಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ನಾಳೆಯಿಂದ ಬರುವುದಿಲ್ಲವೆಂದಳು.

"ಬರ್ಬೇಕು," ಎಂದಳು ಸೊಸೆ. "ಇದು ಬದುಕಿರೋ ತನಕ ಪಂಜರದಲ್ಲೇ ಇರುತ್ತೆ. ನೀವು ಮನೇಲಿ ಕೂತು ಅತ್ರೆ ಇದಕ್ಕೇನು ಬಂತು?"

ಅಂದು ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ ಅತ್ತೆಯ ಮಗ ಇಬ್ಬರ ಮುಖವನ್ನೂ ನೋಡಿ, ಜಾಣನಂತೆ ಪಾತ್ರೆ ತೊಳೆಯಲು ಎದ್ದುಹೋದ.

ಅತ್ತೆ ಮರುದಿನ ಹೋದಳು. ವರ್ಷವಿಡೀ ಪಂಜರ ತೊಳೆದಳು, ರೆಕ್ಕೆ ಮುರಿದ ಹದ್ದಿಗೆ ಊಟ ಹಾಕಿದಳು. ಮತ್ತೆ ಮರಿಗಳ ಕಾಲ ಬಂದಾಗ, ತನಗೆ ಇನ್ನೊಂದು ಕೊಡುತ್ತೀಯಾ ಎಂದು ತಾನಾಗಿಯೇ ಕೇಳಿದಳು. ಸೊಸೆ ಎರಡು ದಿನ ಯೋಚಿಸಿ ಒಪ್ಪಿದಳು.

ಈ ಸಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಪರದೆಯ ಸೀಳಿನಿಂದ ಚಿಮಟವನ್ನಷ್ಟೇ ತೂರಿಸಿ ತಿನ್ನಿಸಿದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಹೊರಗೆ ಬಂದು ನಲ್ಲಿಯ ಬಳಿ ನಿಂತು, ನೀರಿನ ಸದ್ದಿನಲ್ಲಿ ಒಬ್ಬಳೇ ಆಡಿ ಮುಗಿಸುತ್ತಿದ್ದಳು.

ಆರು ವಾರ ಕಳೆದು, ಮರಿಯನ್ನು ಹಾರಾಟದ ದೊಡ್ಡ ಪಂಜರಕ್ಕೆ ಸಾಗಿಸುವಾಗ ಅದು ಕೈಗವಸನ್ನೂ ದಾಟಿ ಉಗುರು ನೆಟ್ಟಿತು. ರಕ್ತ ಒಸರುತ್ತಿದ್ದ ಮಣಿಕಟ್ಟನ್ನು ಅತ್ತೆ ಸೊಸೆಯ ಮುಂದೆ ಚಾಚಿದಳು.

"ನೋಡಮ್ಮ, ನನ್ನನ್ನ ಕಂಡ್ರೆ ಆಗಲ್ಲ ಇದಕ್ಕೆ."

ಆಕೆಯ ಕಣ್ಣು ತುಂಬಿತ್ತು. ನೋವಿಗೋ ಸಂತೋಷಕ್ಕೋ ಎಂದು ಸೊಸೆ ಕೇಳಲಿಲ್ಲ; ಗಾಯ ತೊಳೆದು ಪಟ್ಟಿ ಕಟ್ಟಿದಳು.

ಆ ಹದ್ದನ್ನು ಬಿಟ್ಟು ಒಂದು ತಿಂಗಳಾದರೂ, ಜನರ ನಡುವೆ ಇಳಿದಿದೆಯೆಂದು ಎಲ್ಲಿಂದಲೂ ಫೋನ್ ಬರಲಿಲ್ಲ. ಮುಂದಿನ ತಿಂಗಳ ಕೆಲಸದ ಪಟ್ಟಿ ಬರೆಯುತ್ತ ಸೊಸೆ, ಮರಿಗಳ ಕೋಣೆಯ ಎದುರು ಅಭ್ಯಾಸಬಲದಿಂದ ಹೆಸರಿನ ಬದಲು "ಅತ್ತೆ" ಎಂದೇ ಬರೆದುಬಿಟ್ಟಳು. ಹೊಡೆದುಹಾಕುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಅಂದಿನಿಂದ ಕೇಂದ್ರದ ವೈದ್ಯರಿಂದ ಹಿಡಿದು ಮಾಂಸ ತರುವವನವರೆಗೆ ಎಲ್ಲರಿಗೂ ಆಕೆ ಅತ್ತೆಯೇ.